ಡಿಸೆಂಬರ್ 7: ರಾಕ್ ಸಂಗೀತದ ದಿನಚರಿಯಲ್ಲಿ ಮರೆಯಾದ ಒಂದು ಹೆಸರು

(ಮಡಿಕೇರಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ದತ್ತಿ ಉಪನ್ಯಾಸಕ್ಕೆ ರಾಕ್ ಸಂಗೀತ ವಿಷಯವಾಗುವುದು ನಮ್ಮಲ್ಲಿ ಅಪರೂಪ. ಕೊಡಗಿನ ಸಂಗೀತ ಎಂದೊಡನೆ ನಮಗೆ ದುಡಿ, ಕೊಂಬು, ವಾಲಗ, ಬಾಳೋಪಾಟ್ ನೆನಪಾಗುತ್ತವೆ. ಆಗಬೇಕಾದದ್ದೂ ಹಾಗೆಯೇ. ಆದರೆ ಜಗತ್ತಿನ ಜನಪ್ರಿಯ ಸಂಗೀತದ ಚರಿತ್ರೆಯಲ್ಲಿ ಒಂದು ತಾರೀಖಿದೆ. ಅದರ ಬೆನ್ನಿಗೆ ಒಬ್ಬ ಕೊಡವನ ದುಡಿಮೆ ಇದೆ. ಆ ತಾರೀಖು 1974ರ ಡಿಸೆಂಬರ್ 7. ಆ ಕೊಡವ ಬಿದ್ದು ಅಪ್ಪಯ್ಯ, ಜಗತ್ತಿಗೆ ಬರೀ ಬಿದ್ದು. ಈ ಒಂದು ದಿನವನ್ನು ಹಿಡಿದುಕೊಂಡು, ಚರಿತ್ರೆಯನ್ನು ದಿನಗಳ ಲೆಕ್ಕದಲ್ಲಿ ಬರೆದಾಗ ಯಾರು ಕಾಣುತ್ತಾರೆ, ಯಾರು ಮರೆಯಾಗುತ್ತಾರೆ ಎಂಬುದನ್ನು ನಿಮ್ಮೆದುರು ಇಡುತ್ತೇನೆ.

1. ಒಂದು ತಾರೀಖಿನ ಸುತ್ತ

ಪತ್ರಿಕೆಗಳ 'ಇತಿಹಾಸದಲ್ಲಿ ಈ ದಿನ' ಅಂಕಣ ನಿಮಗೆಲ್ಲ ಗೊತ್ತು. ರಾಕ್ ಸಂಗೀತದವರಿಗೆ ಈ ಹುಚ್ಚು ಇನ್ನೂ ಹೆಚ್ಚು. ವರ್ಷದ ಯಾವ ದಿನವನ್ನು ತೆಗೆದರೂ ಒಂದು ಹುಟ್ಟು, ಒಂದು ಸಾವು, ಒಂದು ಕಛೇರಿ, ಒಂದು ಧ್ವನಿಮುದ್ರಣ ಸಿಕ್ಕೇ ಸಿಗುತ್ತದೆ. ಡಿಸೆಂಬರಿನ ಆರಂಭದ ದಿನಗಳಂತೂ ಭಾರವಾದವು. 1971ರ ಡಿಸೆಂಬರ್ 4ರಂದು ಸ್ವಿಟ್ಜರ್ಲೆಂಡಿನ ಮಾಂಟ್ರೋದಲ್ಲಿ ಫ್ರಾಂಕ್ ಜಪ್ಪಾ ತಂಡದ ಕಛೇರಿ ನಡೆಯುತ್ತಿದ್ದಾಗಲೇ ಕ್ಯಾಸಿನೋ ಹೊತ್ತಿ ಉರಿಯಿತು. ಸರೋವರದ ಮೇಲೆ ಹರಡಿದ ಆ ಹೊಗೆಯನ್ನು ಕಂಡ ಡೀಪ್ ಪರ್ಪಲ್ ತಂಡ 'ಸ್ಮೋಕ್ ಆನ್ ದ ವಾಟರ್' ಕಟ್ಟಿತು. 1969ರ ಡಿಸೆಂಬರ್ 6ರಂದು ಕ್ಯಾಲಿಫೋರ್ನಿಯಾದ ಆಲ್ಟಮಾಂಟಿನಲ್ಲಿ ರೋಲಿಂಗ್ ಸ್ಟೋನ್ಸ್ ನಡೆಸಿದ ಉಚಿತ ಕಛೇರಿಯಲ್ಲಿ ಯುವಕನೊಬ್ಬ ವೇದಿಕೆಯ ಹತ್ತಿರವೇ ಇರಿತಕ್ಕೆ ಬಲಿಯಾದ. 1980ರ ಡಿಸೆಂಬರ್ 8ರಂದು ನ್ಯೂಯಾರ್ಕಿನಲ್ಲಿ ಜಾನ್ ಲೆನನ್ ಗುಂಡಿಗೆ ಬಲಿಯಾದರು.

ಈ ದೊಡ್ಡ ದಿನಗಳ ನಡುವೆ ಡಿಸೆಂಬರ್ 7 ಸಪ್ಪೆಯಾಗಿ ಕಾಣುತ್ತದೆ. 1942ರಲ್ಲಿ ಆ ದಿನ ಹ್ಯಾರಿ ಚೇಪಿನ್ ಹುಟ್ಟಿದರು, 1949ರಲ್ಲಿ ಟಾಮ್ ವೇಟ್ಸ್. 1967ರ ಅದೇ ದಿನ ಬೀಟಲ್ಸ್ ತಂಡ ಲಂಡನ್ನಿನ ಬೇಕರ್ ಸ್ಟ್ರೀಟಿನಲ್ಲಿ ಆ್ಯಪಲ್ ಎಂಬ ಬಟ್ಟೆಯಂಗಡಿ ತೆರೆಯಿತು. ಹಾಡಿನಲ್ಲಿ ಸೋಲರಿಯದ ಆ ನಾಲ್ವರು ವ್ಯಾಪಾರದಲ್ಲಿ ಎಂಟು ತಿಂಗಳೂ ನಿಲ್ಲಲಿಲ್ಲ. ಮರುವರ್ಷ ಜುಲೈ ಕೊನೆಗೆ ಉಳಿದ ಸರಕನ್ನು ಜನರಿಗೆ ಪುಕ್ಕಟೆ ಹಂಚಿ ಬಾಗಿಲು ಹಾಕಿದರು. 1980ರ ಡಿಸೆಂಬರ್ 7ರಂದು ಲಾಸ್ ಏಂಜಲೀಸಿನ ಪಂಕ್ ಗಾಯಕ ಡಾರ್ಬಿ ಕ್ರ್ಯಾಶ್ ತೀರಿಕೊಂಡ. ಮರುದಿನವೇ ಲೆನನ್ ಹತ್ಯೆಯಾದದ್ದರಿಂದ ಆ ಸಾವಿನ ಸುದ್ದಿ ಕೇಳುವವರಿಲ್ಲದೆ ಹೋಯಿತು.

ನಮ್ಮ ಜಿಲ್ಲೆಗೆ ಈ ದಿನದ ಗುರುತು ಬೇರೆ. 1949ರಿಂದ ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ. ಅದೇ ವರ್ಷದ ಜನವರಿ 15ರಂದು ಕೊಡಗಿನ ಕೆ.ಎಂ. ಕಾರಿಯಪ್ಪ ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾಗಿದ್ದರು. ಅಂಗಿಗೆ ಪುಟ್ಟ ಧ್ವಜ ಚುಚ್ಚಿಕೊಂಡು ಯೋಧರ ಮನೆಯವರಿಗೆ ಕಾಣಿಕೆ ಕೊಡುವ ದಿನವಾಗಿಯೇ ಇದು ಇಲ್ಲಿ ಬಳಕೆಯಲ್ಲಿದೆ. ಸೈನ್ಯದಲ್ಲಿ, ಹಾಕಿಯಲ್ಲಿ ಮುಂದೆ ಬಂದ ನಮ್ಮವರ ಹೆಸರುಗಳನ್ನು ನಾವು ಬಾಯಿಪಾಠ ಒಪ್ಪಿಸಬಲ್ಲೆವು. ಇದೇ ದಿನಕ್ಕೆ ಅಂಟಿಕೊಂಡಿರುವ ಸಂಗೀತದ ಹೆಸರೊಂದು ಮಾತ್ರ ನಮ್ಮ ಪಟ್ಟಿಗೆ ಬಂದಿಲ್ಲ.

2. ಆ ಶನಿವಾರದ ಪಟ್ಟಿ

1974ರ ಡಿಸೆಂಬರ್ 7 ಶನಿವಾರ. ಅಂದಿನ ತಾರೀಖು ಹೊತ್ತ ಅಮೆರಿಕದ 'ಬಿಲ್‌ಬೋರ್ಡ್' ಪತ್ರಿಕೆಯ ನೂರು ಹಾಡುಗಳ ಪಟ್ಟಿಯಲ್ಲಿ 'ಕುಂಗ್ ಫು ಫೈಟಿಂಗ್' ಮೊದಲ ಸ್ಥಾನಕ್ಕೆ ಬಂತು. ಹಾಡಿದವರು ಜಮೈಕಾ ಮೂಲದ ಕಾರ್ಲ್ ಡಗ್ಲಸ್. ನಿರ್ಮಾಪಕ ಬಿದ್ದು. ಹಾಡು ಎರಡು ವಾರ ಅಲ್ಲೇ ಉಳಿಯಿತು. ಬ್ರಿಟನ್ನಿನಲ್ಲಿ ಅದು ಹನ್ನೊಂದು ವಾರ ಮೊದಲೇ, ಸೆಪ್ಟೆಂಬರ್ 21ರಂದು, ಒಂದನೇ ಸ್ಥಾನಕ್ಕೇರಿ ಮೂರು ವಾರ ನಿಂತಿತ್ತು. ಜಗತ್ತಿನಾದ್ಯಂತ ಒಂದು ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾದವೆಂದು ಹೇಳಲಾಗುತ್ತದೆ.

ಈ ಪಟ್ಟಿಯ ದಿನ ಎಂಥದ್ದು ಎಂಬುದನ್ನು ಕೊಡಗಿನವರಿಗೆ ವಿವರಿಸುವುದು ಸುಲಭ. ಹುತ್ತರಿ ಯಾವ ತಾರೀಖಿಗೂ ಕಟ್ಟುಬಿದ್ದಿಲ್ಲ. ಕಕ್ಕಬೆಯ ಪಾಡಿ ಇಗ್ಗುತಪ್ಪನ ಸನ್ನಿಧಿಯಲ್ಲಿ ಅಮ್ಮಂಗೇರಿ ಜ್ಯೋತಿಷ್ಯರು ರೋಹಿಣಿ ನಕ್ಷತ್ರವನ್ನು ನೋಡಿ ನೆರೆ ಕಟ್ಟುವ ಹೊತ್ತು, ಕದಿರು ತೆಗೆಯುವ ಹೊತ್ತು ಗೊತ್ತು ಮಾಡುತ್ತಾರೆ. ಲೆಕ್ಕ ಕೂಡಿದ ಮೇಲೆ ದಿನ ಹುಟ್ಟುತ್ತದೆ. ಬಿಲ್‌ಬೋರ್ಡಿನ ದಿನವೂ ಲೆಕ್ಕದಿಂದ ಹುಟ್ಟಿದ್ದೇ. ಆ ಕಾಲದಲ್ಲಿ ಆಯ್ದ ಅಂಗಡಿಗಳು ಯಾವ ಹಾಡಿನ ತಟ್ಟೆ ಹೆಚ್ಚು ಹೋಯಿತೆಂದು ವರದಿ ಕೊಡುತ್ತಿದ್ದವು, ರೇಡಿಯೋ ನಿಲಯಗಳು ಯಾವ ಹಾಡನ್ನು ಹೆಚ್ಚು ಹಾಕಿದೆವೆಂದು ತಿಳಿಸುತ್ತಿದ್ದವು. ಎರಡನ್ನೂ ಕೂಡಿಸಿ ಪಟ್ಟಿ ಕಟ್ಟಿ, ಮುಂದೆ ಬರುವ ಶನಿವಾರದ ತಾರೀಖು ಹಾಕಿ ಅಚ್ಚು ಮಾಡುತ್ತಿದ್ದರು. ಹಾಗಾಗಿ ಡಿಸೆಂಬರ್ 7ರಂದು ನಡೆದ 'ಘಟನೆ' ಎಂದು ಬೆರಳಿಟ್ಟು ತೋರಿಸುವಂಥದ್ದು ಏನೂ ಇಲ್ಲ. ಅದಕ್ಕೂ ಹಿಂದಿನ ದಿನಗಳಲ್ಲಿ ಸಾವಿರಾರು ಮಂದಿ ಅಂಗಡಿಯಲ್ಲಿ ದುಡ್ಡು ಕೊಟ್ಟ ಲೆಕ್ಕಕ್ಕೆ ಆ ತಾರೀಖು ಬಿತ್ತು, ಅಷ್ಟೆ.

ಆ ಲೆಕ್ಕದ ಅಕ್ಕಪಕ್ಕವನ್ನೂ ನೋಡಬೇಕು. ಆ ವರ್ಷ ನವೆಂಬರ್ 9ರಂದು ಒಂದನೇ ಸ್ಥಾನದಲ್ಲಿದ್ದದ್ದು ಕೆನಡಾದ ಗಟ್ಟಿ ರಾಕ್ ತಂಡ ಬ್ಯಾಕ್‌ಮನ್-ಟರ್ನರ್ ಓವರ್‌ಡ್ರೈವ್. ನವೆಂಬರ್ 16ರಂದು ಜಾನ್ ಲೆನನ್ ಅವರ ಹಾಡು. ಆ ಹಾಡಿಗೆ ಪಿಯಾನೋ ನುಡಿಸಿ ದನಿಗೂಡಿಸಿದ್ದ ಎಲ್ಟನ್ ಜಾನ್, ಹಾಡು ಒಂದನೇ ಸ್ಥಾನಕ್ಕೆ ಬಂದರೆ ತನ್ನ ವೇದಿಕೆಗೆ ಬರಬೇಕೆಂದು ಪಂತ ಕಟ್ಟಿದ್ದರು. ಸೋತ ಲೆನನ್ ನವೆಂಬರ್ 28ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಹಾಡಿ ಮಾತು ಉಳಿಸಿಕೊಂಡರು. ನಂತರ ಎರಡು ವಾರ ಬಿಲ್ಲಿ ಸ್ವಾನ್. ಆಮೇಲೆ ನಮ್ಮ ಹಾಡು. ಡಿಸೆಂಬರ್ 21ರಂದು ಅದನ್ನು ಕೆಳಗಿಳಿಸಿದ್ದು ಹ್ಯಾರಿ ಚೇಪಿನ್ನರ 'ಕ್ಯಾಟ್ಸ್ ಇನ್ ದ ಕ್ರೇಡಲ್'. ಡಿಸೆಂಬರ್ 7ರಂದೇ ಹುಟ್ಟಿದ ಚೇಪಿನ್ನರಿಗೆ ಮೂವತ್ತೆರಡು ತುಂಬಿದ ದಿನ ಬಿದ್ದು ಅವರ ಹಾಡು ಶಿಖರಕ್ಕೇರಿತು. ಎರಡು ವಾರ ಕಳೆದು ಆ ಜಾಗ ಚೇಪಿನ್ನರಿಗೆ ಸಂದಿತು. ಕಾಕತಾಳೀಯದಲ್ಲಿ ಅರ್ಥ ಹುಡುಕುವ ಚಪಲ ನನಗಿಲ್ಲ. ಲೆನನ್ ಮತ್ತು ಚೇಪಿನ್ ನಡುವಿನ ಈ ಪಂಕ್ತಿಯಲ್ಲಿ ನಮ್ಮ ಕಡೆಯ ಒಬ್ಬರು ಕೂತಿದ್ದರು ಎಂಬುದು ಮಾತ್ರ ನಿಜವಾದ ಸಂಗತಿ.

3. ಬೆಂಗಳೂರಿನಿಂದ ಲಂಡನ್ನಿಗೆ

ಬಿದ್ದು ಹುಟ್ಟಿದ್ದು ಬೆಂಗಳೂರಿನಲ್ಲಿ, ಎರಡನೇ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ, ಕೊಡವ ಮನೆತನದಲ್ಲಿ. ಕೊಡಗು ಆಗ ಬೇರೆಯೇ ಪ್ರಾಂತ. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಆದರೆ ಓದು, ನೌಕರಿ, ಸೈನ್ಯದ ದಾರಿಯಲ್ಲಿ ಕೊಡವ ಕುಟುಂಬಗಳು ಅದಕ್ಕೂ ಮುಂಚೆಯೇ ಬೆಂಗಳೂರು ಸೇರಿದ್ದವು. ಆ ಕಾಲದ ಹುಡುಗರಿಗೆ ಪಾಶ್ಚಾತ್ಯ ಹಾಡಿನ ಪಾಠಶಾಲೆ ರೇಡಿಯೋ ಸಿಲೋನ್. ಬಿದ್ದು ಕಲಿತದ್ದೂ ಅಲ್ಲೇ. ಹದಿಹರೆಯದಲ್ಲಿ ಗಿಟಾರ್ ಹಿಡಿದರು, ಗೆಳೆಯರೊಂದಿಗೆ ಟ್ರೋಜನ್ಸ್ ಎಂಬ ತಂಡ ಕಟ್ಟಿದರು. ಬೀಟಲ್ಸ್, ರೋಲಿಂಗ್ ಸ್ಟೋನ್ಸ್, ಟ್ರಿನಿ ಲೋಪೆಜ್ ಹಾಡುಗಳನ್ನು ಹಾಡುತ್ತ ಬೆಂಗಳೂರಿನ ಕ್ಲಬ್ಬುಗಳಿಂದ ಕೋಲ್ಕತ್ತದ ಪಾರ್ಕ್ ಸ್ಟ್ರೀಟಿನ ಟ್ರಿಂಕಾಸ್‌ವರೆಗೆ, ಮುಂಬಯಿವರೆಗೆ ಹೋದರು. ತಂಡ ಒಡೆದ ಮೇಲೆ ತನ್ನನ್ನು ತಾನೇ 'ಲೋನ್ ಟ್ರೋಜನ್' ಎಂದು ಕರೆದುಕೊಂಡು ಒಬ್ಬರೇ ಹಾಡಿದರು.

1967ರಲ್ಲಿ ಅವರು ಇಂಗ್ಲೆಂಡ್ ತಲುಪಿದರು. ದಾರಿಯಲ್ಲಿ ಮಧ್ಯಪ್ರಾಚ್ಯದ ಊರುಗಳಲ್ಲಿ ಹಾಡಿ ಖರ್ಚು ಹೊಂದಿಸಿಕೊಂಡವರು ಲಂಡನ್ನಿನಲ್ಲಿ ಹೊಟ್ಟೆಪಾಡಿಗೆ ಅಡುಗೆಮನೆಯ ಕೆಲಸಕ್ಕೆ ನಿಂತರು. ಕೂಡಿಟ್ಟ ಹಣದಲ್ಲಿ ಸ್ಟುಡಿಯೋ ಬಾಡಿಗೆಗೆ ಹಿಡಿದು ಧ್ವನಿಮುದ್ರಣ ಮಾಡಿದರು. 1969ರಲ್ಲಿ ಜಪಾನಿನ ಟೈಗರ್ಸ್ ಎಂಬ ತಂಡಕ್ಕಾಗಿ 'ಸ್ಮೈಲ್ ಫಾರ್ ಮಿ' ಎಂಬ ಹಾಡನ್ನು ನಿರ್ಮಿಸಿದರು. ಬರೆದವರು ಬೀ ಜೀಸ್ ತಂಡದ ಬ್ಯಾರಿ ಮತ್ತು ಮಾರಿಸ್ ಗಿಬ್. ಜಪಾನಿನ ತಂಡ, ಬೀ ಜೀಸ್ ಸಹೋದರರ ರಚನೆ, ಬೆಂಗಳೂರಿನ ನಿರ್ಮಾಪಕ, ಲಂಡನ್ನಿನ ಸ್ಟುಡಿಯೋ: ಬಿದ್ದು ಅವರ ಮುಂದಿನ ಇಡೀ ಬದುಕಿನ ಮಾದರಿ ಅಲ್ಲೇ ಸಿದ್ಧವಾಗಿತ್ತು.

ಹಾಡುಗಾರನಾಗಿ ಹೋದವರು ನಿರ್ಮಾಪಕರಾದರು. ಧ್ವನಿಮುದ್ರಣದಲ್ಲಿ ನಿರ್ಮಾಪಕನೆಂದರೆ ಬರೀ ಹಣ ಹೂಡುವವನಲ್ಲ. ಯಾವ ಹಾಡು, ಯಾರ ಕಂಠ, ಯಾವ ವಾದ್ಯ, ಎಷ್ಟು ವೇಗ, ಎಲ್ಲಿ ತಂತಿವಾದ್ಯದ ಹಿಮ್ಮೇಳ ಏಳಬೇಕು, ಎಲ್ಲಿ ಡ್ರಮ್ ಮಾತ್ರ ಉಳಿಯಬೇಕು ಎಂದು ತೀರ್ಮಾನಿಸುವವನು ಅವನೇ. ಕೇಳುಗನಿಗೆ ಮುಖ ಕಾಣುವುದು ಗಾಯಕನದ್ದು.

4. ಕೊನೆಯ ಹತ್ತು ನಿಮಿಷ

'ಕುಂಗ್ ಫು ಫೈಟಿಂಗ್' ಹುಟ್ಟಿದ ರೀತಿಯನ್ನು ಬಿದ್ದು ಅನೇಕ ಸಲ ಹೇಳಿಕೊಂಡಿದ್ದಾರೆ. ಆ ದಿನ ಸ್ಟುಡಿಯೋ ಸಿಕ್ಕಿದ್ದು ಮೂರು ಗಂಟೆ. ತಟ್ಟೆಯ ಮುಖ್ಯ ಮಗ್ಗುಲಿಗೆ ಆರಿಸಿದ್ದು ಲ್ಯಾರಿ ವೈಸ್ ಬರೆದ ಬೇರೊಂದು ಹಾಡು. ಹೊತ್ತೆಲ್ಲ ಅದಕ್ಕೇ ಹೋಯಿತು. ಹಿಂಬದಿಗೆ ಏನಾದರೊಂದು ಬೇಕಲ್ಲ ಎಂದಾಗ ಡಗ್ಲಸ್ ತಾವು ಬರೆದ ಕೆಲವು ಸಾಹಿತ್ಯಗಳನ್ನು ಮುಂದಿಟ್ಟರು. ಅದರಲ್ಲೊಂದು ಕುಂಗ್ ಫು ಕುರಿತದ್ದು. ಬ್ರೂಸ್ ಲೀ 1973ರ ಜುಲೈನಲ್ಲಿ ತೀರಿಕೊಂಡಿದ್ದರು. ಅದೇ ವರ್ಷ ತೆರೆಗೆ ಬಂದ 'ಎಂಟರ್ ದ ಡ್ರ್ಯಾಗನ್' ಜಗತ್ತಿನ ಹುಡುಗರಿಗೆಲ್ಲ ಕೈಕಾಲು ಬೀಸುವ ಚಟ ಹಿಡಿಸಿತ್ತು. ಬಿದ್ದು ಅದಕ್ಕೊಂದು ರಾಗ ಹೊಸೆದರು. ಉಳಿದಿದ್ದ ಹತ್ತು ನಿಮಿಷಗಳಲ್ಲಿ ಎರಡೇ ಪ್ರಯತ್ನಕ್ಕೆ ಮುಗಿಸಿದರು. ಹೇಗೂ ಯಾರೂ ಕೇಳದ ಹಿಂಬದಿ ಎಂದು ಹೊಡೆದಾಟದ ಹುಂಕಾರಗಳನ್ನೂ ಧಾರಾಳವಾಗಿ ಸೇರಿಸಿದರು.

ತಟ್ಟೆ ಹೊರತರುವ ಪೈ ಕಂಪನಿಯ ರಾಬಿನ್ ಬ್ಲಾಂಚ್‌ಫ್ಲವರ್ ಎರಡನ್ನೂ ಕೇಳಿ ತಟ್ಟೆಯನ್ನು ಮಗುಚಿ ಹಾಕಿದರು. ಹಿಂಬದಿಯೇ ಮುಂಬದಿಯಾಗಬೇಕೆಂದು ಹಟ ಹಿಡಿದರು. ಮೊದಲ ವಾರಗಳಲ್ಲಿ ರೇಡಿಯೋ ಅದನ್ನು ತಿರುಗಿಯೂ ನೋಡಲಿಲ್ಲ. ಕುಣಿತದ ಕ್ಲಬ್ಬುಗಳು ಕೈಹಿಡಿದವು. ಅಲ್ಲಿಂದ ಅಂಗಡಿಗೆ, ಅಂಗಡಿಯಿಂದ ಪಟ್ಟಿಗೆ ಹಾಡು ಏರಿತು.

ಈ ಕತೆಯನ್ನು ಅದೃಷ್ಟದ ಕತೆಯಾಗಿ ಹೇಳುವುದು ರೂಢಿ. ನಾನದನ್ನು ಒಪ್ಪಲಾರೆ. ಹತ್ತು ನಿಮಿಷದಲ್ಲಿ ಹಾಡು ಕೂಡಿಬಂದದ್ದಕ್ಕೆ ಕಾರಣ ಅದರ ಹಿಂದಿನ ಹತ್ತಾರು ವರ್ಷ: ಕ್ಲಬ್ಬಿನಲ್ಲಿ ಕುಣಿಯುವವರ ಕಾಲನ್ನೇ ನೋಡುತ್ತ ಹಾಡಿದ ಅನುಭವ, ಸ್ವಂತ ದುಡ್ಡಿನಲ್ಲಿ ಸ್ಟುಡಿಯೋ ಹಿಡಿದವನಿಗೆ ಮಾತ್ರ ಬರುವ ಹೊತ್ತಿನ ಲೆಕ್ಕ.

ಹಾಡಿನ ದೋಷವನ್ನೂ ಹೇಳಬೇಕು. ಆರಂಭದಲ್ಲೇ ಕೇಳಿಸುವ ಒಂಬತ್ತು ಸ್ವರಗಳ ಗುಚ್ಛ ಚೀನಾದ್ದಲ್ಲ. ಪಾಶ್ಚಾತ್ಯ ರಂಗಭೂಮಿ ಮತ್ತು ಸಿನಿಮಾಗಳು 'ಪೂರ್ವದೇಶ' ಎಂದು ಸೂಚಿಸಲು ಬಹುಕಾಲದಿಂದ ಬಳಸುತ್ತ ಬಂದ ಸಿದ್ಧ ಮಾದರಿಗೆ ಸೇರಿದ್ದು. ಏಷ್ಯಾದವರನ್ನು ಅಣಕಿಸಲೂ ಅದು ಬಳಕೆಯಾಗಿದೆ. ಒಬ್ಬ ಭಾರತೀಯ ಮತ್ತು ಒಬ್ಬ ಜಮೈಕನ್ ಲಂಡನ್ನಿನಲ್ಲಿ ಕುಳಿತು, ಹಾಂಗ್‌ಕಾಂಗ್ ಸಿನಿಮಾದ ಗುಂಗಿನಲ್ಲಿ, ಇಂಗ್ಲಿಷರು ಕಲ್ಪಿಸಿಕೊಂಡ ಚೀನಾವನ್ನು ಅಮೆರಿಕನ್ನರಿಗೆ ಮಾರಿದರು. ವಸಾಹತುಗಳಿಂದ ಬಂದ ಇಬ್ಬರಿಗೆ ಆ ಮಾರುಕಟ್ಟೆ ತೆರೆದಿಟ್ಟಿದ್ದ ಬಾಗಿಲು ಅದು. ಅದನ್ನು ಮೆಚ್ಚಬೇಕಿಲ್ಲ, ಮುಚ್ಚಿಡಬೇಕಾಗಿಯೂ ಇಲ್ಲ.

5. ರಾಕೋ, ಡಿಸ್ಕೋವೋ?

ಇದು ಡಿಸ್ಕೋ ಹಾಡು, ರಾಕ್ ಚರಿತ್ರೆಯಲ್ಲಿ ಇದಕ್ಕೇನು ಕೆಲಸ ಎಂದು ಸಭೆಯಲ್ಲಿ ಯಾರಾದರೂ ಕೇಳಬಹುದು. ರಾಕ್ ಅಭಿಮಾನಿಗಳು ಈ ಗೋಡೆಯನ್ನು ಗಟ್ಟಿಯಾಗಿಯೇ ಕಟ್ಟಿದ್ದಾರೆ. 1979ರ ಜುಲೈ 12ರಂದು ಷಿಕಾಗೋದ ಬೇಸ್‌ಬಾಲ್ ಮೈದಾನದಲ್ಲಿ ರಾಶಿ ರಾಶಿ ಡಿಸ್ಕೋ ತಟ್ಟೆಗಳನ್ನು ಸ್ಫೋಟಿಸಿದರು. ಪ್ರೇಕ್ಷಕರು ಮೈದಾನಕ್ಕೆ ನುಗ್ಗಿ ಅಂದಿನ ಎರಡನೇ ಪಂದ್ಯವೇ ನಿಂತುಹೋಯಿತು. ಅಂದು ಸಿಡಿದದ್ದು ಹೆಚ್ಚಾಗಿ ಕರಿಯರ ಸಂಗೀತವೇ ಎಂದು ವಿಮರ್ಶಕರು ಆಮೇಲೆ ಗುರುತಿಸಿದರು.

ಬಿದ್ದು ಅವರ ದಾರಿ ಆ ಗೋಡೆಯ ಎರಡೂ ಬದಿಯಲ್ಲಿ ಹಾದುಹೋಗಿದೆ. 1976ರ ಮಾರ್ಚ್ 6ರಂದು ಅವರು ನಿರ್ಮಿಸಿದ, ಟೀನಾ ಚಾರ್ಲ್ಸ್ ಹಾಡಿದ 'ಐ ಲವ್ ಟು ಲವ್' ಬ್ರಿಟನ್ನಿನ ಒಂದನೇ ಸ್ಥಾನಕ್ಕೇರಿತು. ಟೀನಾ ಅವರ ವೇದಿಕೆಯ ಹಿಮ್ಮೇಳದಲ್ಲಿ ಟ್ರೆವರ್ ಹಾರ್ನ್ ಮತ್ತು ಜೆಫ್ ಡೌನ್ಸ್ ಎಂಬ ಇಬ್ಬರಿದ್ದರು. ಹಾಡನ್ನು ಪದರ ಪದರವಾಗಿ ಕಟ್ಟುವ ಬಿದ್ದು ಅವರ ಕ್ರಮವನ್ನು ಹಾರ್ನ್ ಹತ್ತಿರದಿಂದ ಕಂಡರು. 1979ರಲ್ಲಿ ಇವರಿಬ್ಬರ ಬಗಲ್ಸ್ ತಂಡದ 'ವಿಡಿಯೋ ಕಿಲ್ಡ್ ದ ರೇಡಿಯೋ ಸ್ಟಾರ್' ಬಂತು. 1981ರ ಆಗಸ್ಟ್ 1ರಂದು ಎಂಟಿವಿ ಆರಂಭವಾದಾಗ ಮೊದಲು ಬಿತ್ತರವಾದ ಹಾಡು ಅದೇ. ನಡುವೆ, 1980ರಲ್ಲಿ, ಇಬ್ಬರೂ ಯೆಸ್ ಎಂಬ ಹಿರಿಯ ರಾಕ್ ತಂಡವನ್ನು ಸೇರಿದ್ದರು. ಮುಂದೆ ಹಾರ್ನ್ ನಿರ್ಮಾಣದಲ್ಲಿ ಯೆಸ್ ತಂಡ 1984ರ ಜನವರಿಯಲ್ಲಿ ಅಮೆರಿಕದ ಪಟ್ಟಿಯ ತುದಿ ಮುಟ್ಟಿತು. ಹೀಗಿರುವಾಗ ರಾಕ್ ಚರಿತ್ರೆಗೂ ಬಿದ್ದು ಅವರಿಗೂ ಸಂಬಂಧವಿಲ್ಲ ಎನ್ನುವುದು ಹೇಗೆ?

6. ಕಂಡ ಭಾರತ, ಕಾಣದ ಭಾರತ

1974ರ ಕೊನೆಯಲ್ಲಿ ಅಮೆರಿಕದ ರಾಕ್ ವೇದಿಕೆಯ ಮೇಲೆ ಭಾರತ ಎದ್ದು ಕಾಣುವಂತೆಯೂ ಇತ್ತು. ಜಾರ್ಜ್ ಹ್ಯಾರಿಸನ್ ನವೆಂಬರ್ 2ರಂದು ವ್ಯಾಂಕೂವರಿನಿಂದ ಹೊರಟು ಡಿಸೆಂಬರ್ 20ರವರೆಗೆ ಉತ್ತರ ಅಮೆರಿಕ ಸುತ್ತಿದರು. ಜೊತೆಗೆ ರವಿಶಂಕರ್ ಬಳಗ: ಅಲ್ಲಾ ರಖಾ, ಹರಿಪ್ರಸಾದ್ ಚೌರಾಸಿಯಾ, ಶಿವಕುಮಾರ್ ಶರ್ಮ, ಎಲ್. ಸುಬ್ರಹ್ಮಣ್ಯಂ, ಲಕ್ಷ್ಮೀ ಶಂಕರ್. ಬೀಟಲ್ಸ್ ಹಾಡು ಕೇಳಲು ಬಂದವರಲ್ಲಿ ಹಲವರು ಸಿತಾರ್ ಕೇಳುವಾಗ ತಾಳ್ಮೆಗೆಟ್ಟರು, ಪತ್ರಿಕೆಗಳೂ ಗೊಣಗಿದವು. ಆದರೆ ಇದು ಭಾರತ ಎಂದು ಎಲ್ಲರಿಗೂ ಗೊತ್ತಿತ್ತು.

ಅದೇ ವಾರಗಳಲ್ಲಿ ಅಮೆರಿಕದ ಮನೆಮನೆಯ ರೇಡಿಯೋದಲ್ಲಿ ಮೊಳಗುತ್ತಿದ್ದ ಹಾಡಿನ ಹಿಂದೆಯೂ ಭಾರತೀಯನೇ ಇದ್ದ. ಅದು ಯಾರಿಗೂ ಗೊತ್ತಾಗಲಿಲ್ಲ. ಸಿತಾರ್ ಇಲ್ಲ, ಊದುಬತ್ತಿ ಇಲ್ಲ, ಗುರುವಿನ ವೇಷವಿಲ್ಲ. ಭಾರತೀಯ ಸಂಗೀತಗಾರನೆಂದರೆ ಪ್ರಾಚೀನವಾದದ್ದನ್ನು ಹೊತ್ತು ತರುವವನು ಎಂಬ ನಿರೀಕ್ಷೆ ಅಲ್ಲಿತ್ತು. ಆ ನಿರೀಕ್ಷೆಗೆ ಹೊರತಾದವನು ಕಣ್ಣಿಗೆ ಬೀಳಲಿಲ್ಲ. ನಮ್ಮಲ್ಲೂ ಅದೇ ಕತೆ. ಶಾಸ್ತ್ರೀಯವನ್ನೋ ಜಾನಪದವನ್ನೋ ಹೊರದೇಶಕ್ಕೆ ಒಯ್ದವರಿಗೆ ಸನ್ಮಾನ, ಅಲ್ಲಿನ ಆಟವನ್ನು ಅಲ್ಲಿನ ನಿಯಮದಲ್ಲೇ ಆಡಿ ಗೆದ್ದವನಿಗೆ ಮೌನ.

ಬೆಂಗಳೂರಿನ ರಾಕ್ ತಾರೀಖುಗಳು ಯಾವುವೆಂದು ಅಭಿಮಾನಿಗಳನ್ನು ಕೇಳಿ. 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರ ಮಾರ್ಚ್ 17ರಂದು ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ, ಎಲ್ಲವೂ ಅರಮನೆ ಮೈದಾನದಲ್ಲಿ ಎಂದು ಹೇಳುತ್ತಾರೆ. ಅವೆಲ್ಲ ಅವರು ನಮ್ಮಲ್ಲಿಗೆ ಬಂದ ದಿನಗಳು. ನಮ್ಮವನೊಬ್ಬ ಅಲ್ಲಿಗೆ ಹೋಗಿ ಪಟ್ಟಿಯ ತಲೆಯ ಮೇಲೆ ನಿಂತ ದಿನ ಆ ಸಾಲಿನಲ್ಲಿಲ್ಲ.

7. ಮರಳಿ ಬಂದ ದಾರಿ

ಬಿದ್ದು ಭಾರತಕ್ಕೆ ಮರಳಿ ಕೇಳಿಸಿದ್ದು 1980ರಲ್ಲಿ, 'ಕುರ್ಬಾನಿ' ಚಿತ್ರದ 'ಆಪ್ ಜೈಸಾ ಕೋಯಿ' ಹಾಡಿನಿಂದ. ನಿರ್ದೇಶಕ ಫಿರೋಜ್ ಖಾನ್ ಕೂಡ ಬೆಂಗಳೂರಿನಲ್ಲಿ ಹುಟ್ಟಿದವರು. ಚಿತ್ರದ ಉಳಿದ ಹಾಡುಗಳು ಕಲ್ಯಾಣಜಿ-ಆನಂದಜಿ ಅವರವು. ಈ ಒಂದಕ್ಕೆ ಮಾತ್ರ ಲಂಡನ್ನಿನಲ್ಲಿ, ಹದಿಹರೆಯದ ನಾಜಿಯಾ ಹಸನ್ ಎಂಬ ಪಾಕಿಸ್ತಾನಿ ಹುಡುಗಿಯ ಕಂಠದಲ್ಲಿ ಧ್ವನಿಮುದ್ರಣ. 1981ರಲ್ಲಿ ನಾಜಿಯಾ ಜೊತೆ 'ಡಿಸ್ಕೋ ದೀವಾನೆ', 1995ರಲ್ಲಿ ಅಲೀಶಾ ಚಿನಾಯ್ ಹಾಡಿದ 'ಮೇಡ್ ಇನ್ ಇಂಡಿಯಾ'. ಸಿನಿಮಾದ ಹಂಗಿಲ್ಲದ ಪಾಪ್ ಸಂಗೀತಕ್ಕೆ ಉಪಖಂಡದಲ್ಲಿ ಮಾರುಕಟ್ಟೆ ಕಟ್ಟಿದವರಲ್ಲಿ ಅವರು ಮೊದಲಿಗರು. 2010ರಲ್ಲಿ ಬಂದ ಆತ್ಮಕಥೆಗೂ ಅವರು ಇಟ್ಟ ಹೆಸರು 'ಮೇಡ್ ಇನ್ ಇಂಡಿಯಾ'.

8. ನಮ್ಮ ಪಾಲಿನ ಕೆಲಸ

ತಾರೀಖಿನ ಚರಿತ್ರೆಯ ಕೊರತೆ ಈಗ ಸ್ಪಷ್ಟವಾಗಿರಬೇಕು. ಅದು ತಟ್ಟೆಯ ಮೇಲಿನ ಮೊದಲ ಹೆಸರನ್ನು ಹಿಡಿಯುತ್ತದೆ, ಎರಡನೆಯ ಹೆಸರನ್ನು ಬಿಡುತ್ತದೆ. ಶಿಖರದ ದಿನವನ್ನು ಬರೆದುಕೊಳ್ಳುತ್ತದೆ, ಏರಿದ ವರ್ಷಗಳನ್ನು ಬಿಡುತ್ತದೆ. ಹಾಗೆಂದು ತಾರೀಖನ್ನು ಎಸೆಯಬೇಕಿಲ್ಲ. ಅದು ಒಳಗೆ ಹೋಗಲು ಸಿಕ್ಕ ಬಾಗಿಲು. ಅಲ್ಲೇ ನಿಂತುಬಿಡಬಾರದು.

ಮರೆಯಾಗುವುದನ್ನು ಬರೆದಿಡುವ ಕೆಲಸದಲ್ಲಿ ಕೊಡಗಿಗೆ ದೊಡ್ಡ ಮೇಲ್ಪಂಕ್ತಿಯಿದೆ. ಪೊಲೀಸ್ ಇಲಾಖೆಯಲ್ಲಿ ದುಡಿಯುತ್ತಿದ್ದ ನಡಿಕೇರಿಯಂಡ ಚಿಣ್ಣಪ್ಪನವರು ಊರೂರಿನ ಪಾಟುಗಳನ್ನು ಕೇಳಿ, ಬರೆದು, ಕೂಡಿಸಿ 1924ರಲ್ಲಿ 'ಪಟ್ಟೋಲೆ ಪಳಮೆ' ತಂದರು. ಆಗ ಅದನ್ನು ಬರೆದಿಡುವ ಅಗತ್ಯವಿದೆ ಎಂದು ಎಷ್ಟು ಮಂದಿಗೆ ಅನ್ನಿಸಿತ್ತೋ! ಇಂದು ಕೊಡವ ಹಾಡಿನ ಬಗ್ಗೆ ಮಾತಾಡುವವರೆಲ್ಲ ಅಲ್ಲಿಂದಲೇ ಶುರು ಮಾಡುತ್ತಾರೆ.

ಕಾಫಿ ತೋಟಗಳ ಕ್ಲಬ್ಬುಗಳಲ್ಲಿ, ಶಾಲಾ ಕಾಲೇಜುಗಳ ವಾರ್ಷಿಕೋತ್ಸವಗಳಲ್ಲಿ, ಸೇನೆಯ ಬ್ಯಾಂಡುಗಳಲ್ಲಿ ನುಡಿಸಿದವರು ನಮ್ಮ ನಡುವೆ ಇದ್ದಾರೆ. ಅವರು ದುಡಿಯನ್ನೂ ಬಲ್ಲರು, ಡ್ರಮ್ಮನ್ನೂ ಬಲ್ಲರು. ಅವರ ಸಂಗೀತವನ್ನು ಯಾರೂ ಸಂಗ್ರಹಿಸಿಲ್ಲ, ಏಕೆಂದರೆ ಅದನ್ನು ನಾವು ಕೊಡಗಿನದೆಂದು ಎಣಿಸಿಯೇ ಇಲ್ಲ. ಎಣಿಸಬೇಕು ಎಂಬುದೇ ಈ ಉಪನ್ಯಾಸದ ವಾದ. ಹೊರಗಿನಿಂದ ಬಂದ ವಾದ್ಯವನ್ನು ಇಲ್ಲಿನವರು ಕೈಗೆತ್ತಿಕೊಂಡ ಮೇಲೆ ಅದರ ಚರಿತ್ರೆಯೂ ಇಲ್ಲಿನದೇ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ತಟ್ಟೆ, ಕ್ಯಾಸೆಟ್, ಬ್ಯಾಂಡಿನ ಛಾಯಾಚಿತ್ರ, ಕ್ಲಬ್ಬಿನ ಕರಪತ್ರ ಇದ್ದರೆ ರದ್ದಿಗೆ ಹಾಕಬೇಡಿ. ಚಿತ್ರದ ಹಿಂಬದಿಯಲ್ಲಿ ದಿನ, ಊರು, ಹಾಡಿದವರಷ್ಟೇ ಅಲ್ಲದೆ ನುಡಿಸಿದವರ, ಏರ್ಪಡಿಸಿದವರ ಹೆಸರನ್ನೂ ಬರೆಯಿರಿ. ಹಿರಿಯರನ್ನು ಕೂರಿಸಿ ಮಾತಾಡಿಸಿ, ಫೋನಿನಲ್ಲೇ ಧ್ವನಿಮುದ್ರಿಸಿ. ಒಂದು ಪ್ರತಿಯನ್ನು ಕರ್ನಾಟಕ ಕೊಡವ ಸಾಹಿತ್ಯ ಅಕಾಡೆಮಿಗೋ ನಿಮ್ಮ ಊರಿನ ಗ್ರಂಥಾಲಯಕ್ಕೋ ಕೊಡಿ. ಈ ದತ್ತಿಯ ಮುಂದಿನ ಉಪನ್ಯಾಸಕರು ಕೊಡಗಿನ ಸಂಗೀತದ ಬಗ್ಗೆ ಮಾತಾಡಲು ನಿಂತಾಗ ಅಮೆರಿಕದ ಪತ್ರಿಕೆಯೊಂದರ ಪಟ್ಟಿಯನ್ನು ಆಧರಿಸುವಂತಾಗಬಾರದು. ಅವರ ಕೈಗೆ ನಮ್ಮದೇ ದಾಖಲೆಗಳು ಸಿಗಬೇಕು. ಅದನ್ನು ಈ ವರ್ಷವೇ ಶುರು ಮಾಡೋಣ.